ಕೊನೆ ಬಸ್ಸು ಎಷ್ಟು ಹೊತ್ತಿಗೆ?

(ಬೆಂಗಳೂರಿನ ಒಂದು ಬಡಾವಣೆಯ ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಸಂಗೀತ, ಸಿನಿಮಾ, ಆಟ, ಊರು, ಇದರಲ್ಲಿ ಯಾವುದರ ಬಗ್ಗೆ ಬೇಕಾದರೂ ಮಾತಾಡಿ ಅಂದಿದ್ದರು. ಒಂದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡೋದಕ್ಕೆ ನನಗೆ ಮನಸ್ಸು ಬರಲಿಲ್ಲ. ನನ್ನ ಸಂಜೆಗಳೆಲ್ಲ ಕಳೆದಿರುವುದು ಇವುಗಳಲ್ಲೇ. ಹಾಗಾಗಿ ನಾಲ್ಕನ್ನೂ ಮುಟ್ಟುವ ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ಸಂಗೀತ ಕಚೇರಿ ಮುಗಿಯಿತು, ಸಿನಿಮಾ ಬಿಟ್ಟಿತು, ಮ್ಯಾಚ್ ಗೆದ್ದೆವು. ಈಗ ಮನೆಗೆ ಹೋಗುವುದು ಹೇಗೆ?

ಇದು ಸಣ್ಣ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಈ ಊರಿನಲ್ಲಿ ಯಾರು ಏನು ಕೇಳುತ್ತಾರೆ, ಯಾರು ಏನು ನೋಡುತ್ತಾರೆ ಅನ್ನುವುದನ್ನು ಅಭಿರುಚಿ ಎಷ್ಟು ತೀರ್ಮಾನ ಮಾಡುತ್ತದೋ ಅಷ್ಟೇ ರಾತ್ರಿ ಒಂಬತ್ತೂವರೆ ಮೇಲಿನ ಬಸ್ಸೂ ತೀರ್ಮಾನ ಮಾಡುತ್ತದೆ. ಕಾರ್ಯಕ್ರಮ ಮಾಡುವವರು ವೇದಿಕೆ ನೋಡುತ್ತಾರೆ, ಮೈಕ್ ನೋಡುತ್ತಾರೆ, ಹೂವಿನ ಹಾರ ನೋಡುತ್ತಾರೆ. ಬಸ್ ನಿಲ್ದಾಣದ ಕಡೆ ಯಾರೂ ನೋಡುವುದಿಲ್ಲ. ನನ್ನ ಇವತ್ತಿನ ಮಾತು ಆ ನಿಲ್ದಾಣದ್ದು.

ಸಂಗೀತದಿಂದ ಶುರು ಮಾಡುತ್ತೇನೆ. ಕಚೇರಿಗೆ ಹೋಗುವವರು ಇದನ್ನು ನೋಡಿಯೇ ಇರುತ್ತೀರಿ. ಎಂಟೂವರೆ ಆಗಿರುತ್ತದೆ. ಮುಖ್ಯ ಕೃತಿಯ ಸ್ವರಪ್ರಸ್ತಾರ ಮುಗಿಯುತ್ತದೆ. ಹಾಡುವವರು ಮೃದಂಗದವರ ಕಡೆ ತಿರುಗಿ ತಲೆ ಆಡಿಸುತ್ತಾರೆ. ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರು. ಅದೇ ಹೊತ್ತಿಗೆ ಸಭೆಯಲ್ಲಿ ಕುರ್ಚಿ ಸರಿಯುವ ಸದ್ದು, ಚಪ್ಪಲಿ ಹುಡುಕುವ ಸದ್ದು. ಅಲ್ಲೊಬ್ಬರು ಇಲ್ಲೊಬ್ಬರು ಎದ್ದು, ಬೆನ್ನು ಬಗ್ಗಿಸಿಕೊಂಡು ಬಾಗಿಲ ಕಡೆ ಹೊರಡುತ್ತಾರೆ.

ಇದರ ಬಗ್ಗೆ ತಾಳವಾದ್ಯದವರಿಗೆ ತುಂಬಾ ನೋವಿದೆ. ವಿದ್ವಾಂಸರು ವೇದಿಕೆಯಿಂದಲೇ ಹೇಳಿದ್ದಾರೆ, ವಿಮರ್ಶಕರು ಬರೆದಿದ್ದಾರೆ. ಆ ನೋವು ನ್ಯಾಯವಾದದ್ದು. ಎರಡು ಗಂಟೆ ಇನ್ನೊಬ್ಬರ ಹಾಡಿಗೆ ನುಡಿಸಿದವರು ತಮ್ಮದೇ ಹತ್ತು ನಿಮಿಷ ನುಡಿಸುವಾಗ ಜನ ಎದ್ದು ಹೋದರೆ ಯಾರಿಗೆ ತಾನೇ ಬೇಸರ ಆಗುವುದಿಲ್ಲ? ಆದರೆ ಎದ್ದವರು ಯಾರು ಅಂತ ಒಂದು ಸಲ ಸರಿಯಾಗಿ ನೋಡಿ. ಚಾಮರಾಜಪೇಟೆಯ ರಾಮನವಮಿ ಕಚೇರಿಯೊಂದರಲ್ಲಿ ನನ್ನ ಪಕ್ಕದಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ತೊಡೆಯ ಮೇಲೆ ಪಿಟೀಲಿನ ಪೆಟ್ಟಿಗೆ. ಪಾಠ ಮುಗಿಸಿ ಹಾಗೇ ಬಂದಿದ್ದಳು ಅಂತ ಕಾಣುತ್ತದೆ. ಕಚೇರಿ ಉದ್ದಕ್ಕೂ ಎಡಗೈ ಬೆರಳುಗಳು ಆ ಪೆಟ್ಟಿಗೆಯ ಮೇಲೆ ಓಡಾಡುತ್ತಲೇ ಇದ್ದವು. ತನಿ ಶುರುವಾದಾಗ ಎದ್ದಳು. ಆದರೆ ಹೊರಗೆ ಹೋಗಲಿಲ್ಲ. ಪೆಂಡಾಲಿನ ಕೊನೆಯ ಕಂಬದ ಹತ್ತಿರ ನಿಂತು, ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ತಾಳ ಹಾಕುತ್ತಾ ಇನ್ನೆರಡು ಆವರ್ತ ಕೇಳಿದಳು. ಫೋನು ನೋಡಿದಳು. ಆಮೇಲೆ ಓಡಿದಳು. ನಡೆದು ಹೋಗಲಿಲ್ಲ, ಮಾರ್ಕೆಟ್ ಕಡೆಗೆ ನಿಜವಾಗಿ ಓಡಿದಳು. ಅವಳಿಗೆ ತನಿ ಬೇಡವಾಗಿತ್ತು ಅಂತ ಯಾರು ಹೇಳುತ್ತಾರೆ?

ಹಿಂದೆ ಕಚೇರಿಗಳು ನಾಲ್ಕೈದು ಗಂಟೆ ನಡೆಯುತ್ತಿದ್ದವು. ಚೌಕಟ್ಟು ಬದಲಾಯಿತು. ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ಕಟ್ಟಿದ ಪದ್ಧತಿಯನ್ನೇ, ಅಂದರೆ ವರ್ಣದಿಂದ ಶುರು ಮಾಡಿ ಮಂಗಳದವರೆಗೆ ಬರುವ ಕ್ರಮವನ್ನೇ, ನಾವು ಇವತ್ತಿಗೂ ಕೇಳುತ್ತಿದ್ದೇವೆ. ಈಗ ಅದು ಎರಡೂವರೆ ಗಂಟೆಗೆ ಇಳಿದಿದೆ. ಕೇಳುಗರಿಗೆ ತಾಳ್ಮೆ ಕಡಿಮೆಯಾಯಿತು ಅಂತ ಹೇಳುವುದು ಸುಲಭ. ಊರೂ ಬದಲಾಗಿದೆಯಲ್ಲ? ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಶುರುವಾದದ್ದು 1939ರಲ್ಲಿ. ಆಗಿನ ಬೆಂಗಳೂರಿನಲ್ಲಿ ಚಾಮರಾಜಪೇಟೆ, ಬಸವನಗುಡಿ, ವಿಶ್ವೇಶ್ವರಪುರ, ಕೋಟೆ, ಎಲ್ಲಾ ಕಾಲ್ನಡಿಗೆಯ ದೂರ. ಎಷ್ಟು ಹೊತ್ತಾದರೂ ಮಾತಾಡಿಕೊಂಡು, ರಾಗ ಗುನುಗಿಕೊಂಡು ನಡೆದು ಹೋಗಬಹುದಿತ್ತು. ಟಿಕೆಟ್ ಇಲ್ಲದವರು ಕೋಟೆ ಹೈಸ್ಕೂಲ್ ಮೈದಾನದ ಹೊರಗೆ ರಸ್ತೆ ಬದಿಯಲ್ಲಿ ನಿಂತು, ಕೂತು ಕೇಳುತ್ತಿದ್ದರು. ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ, ಎಲ್ಲರೂ ಹಾಡಿದ ಜಾಗ ಅದು. ಈಗ ಅದೇ ಕೇಳುಗರ ಮಕ್ಕಳು, ಮೊಮ್ಮಕ್ಕಳು ಕೆಂಗೇರಿಯಲ್ಲಿದ್ದಾರೆ, ಯಲಹಂಕದಲ್ಲಿದ್ದಾರೆ, ವೈಟ್‌ಫೀಲ್ಡ್‌ನಲ್ಲಿದ್ದಾರೆ. ಸಂಗೀತ ಇದ್ದಲ್ಲೇ ಇದೆ, ಕೇಳುವವರು ದೂರ ಹೋಗಿದ್ದಾರೆ.

ಮೈಸೂರಿನಲ್ಲಿ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣೇಶೋತ್ಸವದ ಕಚೇರಿ ಕೇಳಿದವರಿಗೆ ನಾನು ಹೇಳುವುದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ರಸ್ತೆಯೇ ಸಭಾಂಗಣ. ಸುತ್ತಮುತ್ತಲಿನವರು ಊಟ ಮುಗಿಸಿಕೊಂಡು ಬಂದು ಮಂಗಳದವರೆಗೂ ಕೂರುತ್ತಾರೆ. ಮನೆ ಹತ್ತಿರ ಇದ್ದರೆ ತನಿಗೆ ಯಾರೂ ಏಳುವುದಿಲ್ಲ.

ಈಗ ಸಿನಿಮಾ.

ನಮ್ಮ ಊರಿನಲ್ಲಿ ಸಿನಿಮಾಕ್ಕೂ ಬಸ್ಸಿಗೂ ಇರುವ ನಂಟು ಬೇರೆ ಊರುಗಳಲ್ಲಿ ಕಾಣುವುದು ಅಪರೂಪ. ನೋಡಿ, ಬೆಂಗಳೂರಿನ ಅತಿ ದೊಡ್ಡ ಬಸ್ ನಿಲ್ದಾಣಕ್ಕೆ ಸರ್ಕಾರ ಇಟ್ಟ ಹೆಸರು ಕೆಂಪೇಗೌಡ ಬಸ್ ನಿಲ್ದಾಣ. ಜನ ಕರೆಯುವುದು ಮೆಜೆಸ್ಟಿಕ್. ಮೆಜೆಸ್ಟಿಕ್ ಅನ್ನುವುದು ಒಂದು ಸಿನಿಮಾ ಥಿಯೇಟರಿನ ಹೆಸರು. ಬಸ್ ನಿಲ್ದಾಣ ಬರುವ ಎಷ್ಟೋ ಮೊದಲೇ ಆ ಥಿಯೇಟರಿನಿಂದ ಸುತ್ತಲಿನ ಜಾಗಕ್ಕೆಲ್ಲ ಆ ಹೆಸರು ಬಂದಿತ್ತು. ಈಗ ಮೆಟ್ರೋದಲ್ಲೂ ಜನ ಮೆಜೆಸ್ಟಿಕ್‌ನಲ್ಲೇ ಇಳಿಯುವುದು. ಥಿಯೇಟರ್ ಹೋಯಿತು, ಹೆಸರು ಬಸ್ಸು ಹತ್ತಿ ಊರೆಲ್ಲ ಓಡಾಡುತ್ತಿದೆ.

ಆ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಮಾತು ಬಂದಿದೆ ಅಂತ ಇದನ್ನೂ ಹೇಳಿಬಿಡುತ್ತೇನೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಇರುವುದು ಶೂಲೆ ಕೆರೆಯ ಜಾಗದಲ್ಲಿ. ನಾವು ಬಸ್ಸಿಗೆ ಕಾಯುವ ಜಾಗ, ಗೋಲಿಗೆ ಕಾಯುವ ಜಾಗ, ಎರಡೂ ಒಂದು ಕಾಲಕ್ಕೆ ನೀರಿದ್ದ ಜಾಗ. ಅದರ ಲೆಕ್ಕ ಇನ್ನೊಂದು ದಿನದ ಮಾತು. ಆದರೆ ಅಷ್ಟು ದೊಡ್ಡ ಬೆಲೆ ಕೊಟ್ಟು ಪಡೆದ ಜಾಗಗಳು ಎಲ್ಲರಿಗೂ ಸಿಗಬೇಕು ಅನ್ನುವುದು ನನ್ನ ಹಟ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆ ಕಂಡದ್ದು ಸಿಟಿ ಮಾರ್ಕೆಟ್ ಹತ್ತಿರ, ಆಮೇಲೆ ಪ್ಯಾರಾಮೌಂಟ್ ಅಂತ ಹೆಸರಾದ ಥಿಯೇಟರಿನಲ್ಲಿ. ಜಾಗ ಗಮನಿಸಿ. ಮಾರ್ಕೆಟ್. ಗಾಡಿಗಳು ಬರುವ ಜಾಗ, ಹಳ್ಳಿಯಿಂದ ತರಕಾರಿ ತಂದವರು ಇಳಿಯುವ ಜಾಗ. ಆಮೇಲೆ ಥಿಯೇಟರುಗಳು ಸಾಲುಗಟ್ಟಿ ಬೆಳೆದದ್ದು ಕೆಂಪೇಗೌಡ ರಸ್ತೆಯಲ್ಲಿ, ಗಾಂಧಿನಗರದಲ್ಲಿ, ಅಂದರೆ ರೈಲು ನಿಲ್ದಾಣ ಮತ್ತು ಬಸ್ ನಿಲ್ದಾಣದ ಮಗ್ಗುಲಲ್ಲಿ. ಸಾಗರ್, ಸಂತೋಷ್, ನರ್ತಕಿ, ಸಪ್ನ, ತ್ರಿಭುವನ್, ಕೈಲಾಶ್, ಅನುಪಮ, ಮೇನಕಾ, ಮೂವಿಲ್ಯಾಂಡ್, ಸ್ಟೇಟ್ಸ್, ಹಿಮಾಲಯ, ಗೀತಾ, ಅಲಂಕಾರ್, ಕಲ್ಪನಾ. ಈ ಹೆಸರುಗಳನ್ನು ಹೇಳುವಾಗ ಇಲ್ಲಿರುವ ಹಿರಿಯರ ಮುಖ ಅರಳುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ತುಮಕೂರಿನಿಂದ ಕೋರ್ಟು ಕೆಲಸಕ್ಕೆ ಬಂದವನು, ಕೋಲಾರದಿಂದ ಆಸ್ಪತ್ರೆಗೆ ಬಂದವನು ಒಂದು ಮ್ಯಾಟಿನಿ ನೋಡಿ ಸಂಜೆ ಬಸ್ಸಿಗೆ ಊರಿಗೆ ಹೋಗಬಹುದಿತ್ತು. ನಗರದೊಳಗಿನವರು ಸೆಕೆಂಡ್ ಶೋ ಬಿಟ್ಟ ಮೇಲೆ ಬಿಟಿಎಸ್, ಅಂದರೆ ಆಗಿನ ನಗರ ಸಾರಿಗೆಯ, ಬಸ್ಸು ಹತ್ತಬಹುದಿತ್ತು. ಬಸ್ಸು ಹೋಗಿದ್ದರೆ ನಡೆಯುತ್ತಿದ್ದರು. ಆ ರಸ್ತೆಯಲ್ಲಿ ಥಿಯೇಟರ್ ಬೆಳೆದದ್ದಕ್ಕೆ ಮನೆಗೆ ಹೋಗುವ ದಾರಿ ಅಲ್ಲೇ ಇದ್ದದ್ದೂ ಒಂದು ಕಾರಣ ಅಂತ ನಾನು ನಂಬಿದ್ದೇನೆ.

ಸಾವಿರಕ್ಕೂ ಜಾಸ್ತಿ ಸೀಟಿದ್ದ ಕಪಾಲಿ 1968ರಲ್ಲಿ ಶುರುವಾಗಿ 2017ರಲ್ಲಿ ಬಾಗಿಲು ಹಾಕಿತು. ಎಂ.ಜಿ. ರಸ್ತೆಯಲ್ಲಿ 1936ರಿಂದ ಇದ್ದ ಪ್ಲಾಜಾ ಹೋಗಿ ಆ ಜಾಗಕ್ಕೆ ಮೆಟ್ರೋ ನಿಲ್ದಾಣ ಬಂತು. ಸಿನಿಮಾ ಮಾಲ್‌ಗಳಿಗೆ ಹೋಯಿತು. ಮಾಲ್ ಕಟ್ಟುವವರು ಮೊದಲು ಯೋಚನೆ ಮಾಡುವುದು ಕಾರು ನಿಲ್ಲಿಸುವ ನೆಲಮಾಳಿಗೆ ಎಷ್ಟು ಅಂತಸ್ತು ಅಂತ. ಬಸ್ ನಿಲ್ದಾಣ ರಸ್ತೆಯ ಆ ಕಡೆ ಇರುತ್ತದೆ, ನಡುವೆ ಫ್ಲೈಓವರ್ ಇರುತ್ತದೆ, ರಾತ್ರಿ ಹನ್ನೆರಡೂವರೆಗೆ ಆಟ ಬಿಟ್ಟಾಗ ಅಲ್ಲಿ ಬೀದಿ ನಾಯಿಗಳಷ್ಟೇ ಇರುತ್ತವೆ.

2025ರಲ್ಲಿ ರಾಜ್ಯ ಸರ್ಕಾರ ಸಿನಿಮಾ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಲು ಹೊರಟಿತು. ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಹೋದರು, ಹೈಕೋರ್ಟು ತಡೆ ಕೊಟ್ಟಿತು. ಆ ದಿನಗಳಲ್ಲಿ ಎಲ್ಲ ಕಡೆ ಟಿಕೆಟ್ ಬೆಲೆಯದೇ ಚರ್ಚೆ. ಒಳ್ಳೆಯದೇ, ಆಗಬೇಕಾದ ಚರ್ಚೆ. ಆದರೆ ಟಿಕೆಟ್ಟಿಗೆ 200 ಕೊಟ್ಟವರು ರಾತ್ರಿ ಮನೆಗೆ ಹೋಗಲು ಅದಕ್ಕಿಂತ ಜಾಸ್ತಿ ಕೊಡುತ್ತಾರಲ್ಲ, ಅದನ್ನು ಯಾರೂ ಎತ್ತಲಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಆಟೋ ಮೀಟರಿಗೆ ಒಂದೂವರೆ ಪಟ್ಟು ಅಂತ ಕಾನೂನೇ ಇದೆ. ಮೀಟರ್ ಹಾಕಿದರೆ ಅದು. ಗಂಡ, ಹೆಂಡತಿ, ಎರಡು ಮಕ್ಕಳು ಒಂದು ಸಿನಿಮಾ ನೋಡಿ ಉತ್ತರಹಳ್ಳಿಗೋ ದಾಸರಹಳ್ಳಿಗೋ ಹೋಗಬೇಕು ಅಂದರೆ, ಸಿನಿಮಾದ ಖರ್ಚು ಥಿಯೇಟರಿನಲ್ಲಿ ಮುಗಿಯುವುದಿಲ್ಲ. ಹಾಗಾಗಿ ಅವರು ಬರುವುದೇ ಇಲ್ಲ. ಬರದವರ ಲೆಕ್ಕ ಯಾವ ಬಾಕ್ಸ್ ಆಫೀಸ್ ವರದಿಯಲ್ಲೂ ಇರುವುದಿಲ್ಲ.

ಇನ್ನು ಕ್ರಿಕೆಟ್ಟು. ಇದರಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬಹಳ ಕಾಲ ಆಟ ಹಗಲಿನದ್ದು. ಮೊದಲ ಟೆಸ್ಟ್ 1974ರ ನವೆಂಬರಿನಲ್ಲಿ. ವೆಸ್ಟ್ ಇಂಡೀಸಿನ ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಹಗಲಿನ ಆಟ ಅಂದರೆ ಸಂಜೆ ಐದಕ್ಕೆ ಸ್ಟಂಪ್ಸ್ ಎತ್ತುತ್ತಾರೆ, ಬುತ್ತಿ ಡಬ್ಬಿ ಎತ್ತಿಕೊಂಡು ಜನ ಬಸ್ಸು ಹತ್ತುತ್ತಾರೆ. ರಾತ್ರಿ ಆ ಕ್ರೀಡಾಂಗಣದೊಳಗೆ ಬಂದದ್ದು 1996ರ ಮಾರ್ಚ್ 9ರಂದು. ವಿಶ್ವಕಪ್ ಕ್ವಾರ್ಟರ್‌ಫೈನಲ್, ಭಾರತ–ಪಾಕಿಸ್ತಾನ. ಹೊಸ ಫ್ಲಡ್‌ಲೈಟಿನ ಕೆಳಗೆ ಮೊದಲ ಆಟ. ಸಿಧು 93 ಹೊಡೆದರು. ಅಜಯ್ ಜಡೇಜಾ 25 ಬಾಲಿಗೆ 45. ಆಮೇಲೆ ಆಮಿರ್ ಸೊಹೈಲ್ ಬೌಂಡರಿ ಬಾರಿಸಿ, ಮುಂದಿನದ್ದೂ ಅಲ್ಲಿಗೇ ಅಂತ ಬ್ಯಾಟಿನಿಂದ ತೋರಿಸಿದ್ದು, ಮುಂದಿನ ಬಾಲಿಗೇ ನಮ್ಮ ವೆಂಕಟೇಶ್ ಪ್ರಸಾದ್ ಸೊಹೈಲರ ಆಫ್ ಸ್ಟಂಪ್ ಹಾರಿಸಿದ್ದು. ಇದನ್ನು ನಾನು ಹೇಳಬೇಕಾಗಿಯೇ ಇಲ್ಲ, ಆಗ ಹುಟ್ಟದವರಿಗೂ ಗೊತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲೇ ಟೈಟನ್ ಕಪ್ ಪಂದ್ಯ. ಆಸ್ಟ್ರೇಲಿಯಾ 215. ಸಚಿನ್ 88ಕ್ಕೆ ಔಟಾದಾಗ ಭಾರತ 164ಕ್ಕೆ ಎಂಟು ವಿಕೆಟ್. ಆಮೇಲೆ ಶ್ರೀನಾಥ್ ಮತ್ತು ಕುಂಬ್ಳೆ. ಇಬ್ಬರೂ ಕನ್ನಡದಲ್ಲಿ ಮಾತಾಡಿಕೊಂಡು, ತಮ್ಮದೇ ಊರಿನ ಜನರ ಎದುರು ಗೆಲ್ಲಿಸಿಕೊಂಡು ಬಂದರು. ಗ್ಯಾಲರಿಯಲ್ಲಿ ಕುಂಬ್ಳೆಯವರ ತಾಯಿಯನ್ನೂ ಅಜ್ಜಿಯನ್ನೂ ಟಿವಿಯವರು ಮತ್ತೆ ಮತ್ತೆ ತೋರಿಸುತ್ತಿದ್ದರು.

ಆ ಎರಡು ರಾತ್ರಿಗಳ ಬಗ್ಗೆ ಯಾರನ್ನಾದರೂ ಕೇಳಿ. ಆಟದ ಕಥೆ ಅರ್ಧ ಗಂಟೆ ಹೇಳುತ್ತಾರೆ, ಆಮೇಲೆ ನಡೆದು ಹೋದ ಕಥೆ ಅರ್ಧ ಗಂಟೆ ಹೇಳುತ್ತಾರೆ. ಚಿನ್ನಸ್ವಾಮಿಯಿಂದ ಮೆಜೆಸ್ಟಿಕ್‌ವರೆಗೆ, ಚಿನ್ನಸ್ವಾಮಿಯಿಂದ ಜಯನಗರದವರೆಗೆ, ಗುರುತಿಲ್ಲದವರ ಹೆಗಲ ಮೇಲೆ ಕೈ ಹಾಕಿಕೊಂಡು ಕೂಗುತ್ತಾ ನಡೆದದ್ದು. ಕೇಳೋದಕ್ಕೆ ತುಂಬಾ ಚೆಂದ. ಆದರೆ ಆ ಕಥೆಗಳನ್ನು ಹೇಳುವವರು ಹೆಚ್ಚುಕಡಿಮೆ ಎಲ್ಲರೂ ಗಂಡಸರು ಅನ್ನುವುದನ್ನು ನಾನು ಕ್ರಮೇಣ ಗಮನಿಸಿದೆ.

2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ ಅಲ್ಲೇ ನಡೆಯಿತು. ಮೆಕಲಮ್ 158 ಬಾರಿಸಿದ ಪಂದ್ಯ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೋ ಓಡಲು ಶುರುವಾಯಿತು. ಮುಂದೆ ಕಬ್ಬನ್ ಪಾರ್ಕ್ ನಿಲ್ದಾಣ ಬಂತು, ಕ್ರೀಡಾಂಗಣದ ಪಕ್ಕದಲ್ಲೇ. ಈಗ ಐಪಿಎಲ್ ಪಂದ್ಯ ಇದ್ದರೆ ಮೆಟ್ರೋ ಮಧ್ಯರಾತ್ರಿ ದಾಟಿದರೂ ಓಡುತ್ತದೆ. ವಾಪಸ್ ಹೋಗುವ ಟಿಕೆಟ್ಟನ್ನು ಮೊದಲೇ ಕೊಡುತ್ತಾರೆ. ಬಿಎಂಟಿಸಿ ಬೇರೆ ಬಸ್ಸು ಬಿಡುತ್ತದೆ. ಇದು ಬಂದ ಮೇಲೆ ಗ್ಯಾಲರಿಯಲ್ಲಿ ಅಮ್ಮ ಮಗಳು ಜೊತೆಯಾಗಿ ಬಂದವರನ್ನು, ಕಾಲೇಜು ಹುಡುಗಿಯರ ಗುಂಪುಗಳನ್ನು ನಾನು ಮೊದಲಿಗಿಂತ ಜಾಸ್ತಿ ನೋಡುತ್ತಿದ್ದೇನೆ. ಬೇರೆ ಕಾರಣಗಳೂ ಇರಬಹುದು. ಆದರೆ ಮನೆ ತಲುಪುವುದು ಖಾತ್ರಿ ಅಂದರೆ ಮನೆಯಲ್ಲಿ ಕಳಿಸುತ್ತಾರೆ ಅನ್ನುವುದು ನಮ್ಮ ನಿಮ್ಮ ಮನೆಗಳಲ್ಲೇ ಕಾಣುವ ಸತ್ಯ, ಅಲ್ವಾ?

ನೋಡಿ, ಮಾಡಬೇಕು ಅಂದರೆ ಮಾಡಬಹುದು. ಕ್ರಿಕೆಟ್ಟಿಗೆ ಮಾಡಿದ್ದಾರೆ. ನಾಟಕಕ್ಕೆ, ಸಂಗೀತಕ್ಕೆ, ಫುಟ್‌ಬಾಲಿಗೆ ಅದರ ಕಾಲು ಭಾಗ ಮಾಡಿದರೂ ಸಾಕು.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 2025ರ ಜೂನ್ 4. ಹದಿನೆಂಟನೇ ಸೀಸನ್ನಿನಲ್ಲಿ ಆರ್‌ಸಿಬಿ ಮೊದಲ ಬಾರಿ ಐಪಿಎಲ್ ಗೆದ್ದ ಮರುದಿನ. ಚಿನ್ನಸ್ವಾಮಿಯ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಬಹುಪಾಲು ಎಳೆಯ ವಯಸ್ಸಿನವರು. ಅವರು ಬಂದದ್ದು ಸಂತೋಷ ಪಡಲು. ತಪ್ಪು ಯಾರದ್ದು ಅಂತ ಹೇಳುವ ಕೆಲಸ ತನಿಖೆಯವರದ್ದು, ಕೋರ್ಟಿನದ್ದು. ನಾನು ಹೇಳುವುದು ಇಷ್ಟೇ. ಜನ ಸೇರುವ ಯಾವುದೇ ಕೆಲಸದಲ್ಲಿ ಬರುವ ದಾರಿ, ಹೋಗುವ ದಾರಿ ಮೊದಲು ತೀರ್ಮಾನವಾಗಬೇಕು. ವೇದಿಕೆ, ದೀಪ, ಹಾರ ಆಮೇಲೆ. ಆ ಮಕ್ಕಳ ಹೆಸರಿನಲ್ಲಾದರೂ ಇದು ಈ ಊರಿನ ನಿಯಮ ಆಗಬೇಕು.

ಈಗ ನನಗೆ ತುಂಬಾ ಇಷ್ಟವಾದ ಒಂದು ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ. ಅದು ಕಾರ್ಪೊರೇಷನ್ ಬಸ್ ನಿಲ್ದಾಣ.

ಒಂದು ಕಡೆ ಕಂಠೀರವ ಕ್ರೀಡಾಂಗಣ. ಇನ್ನೊಂದು ಕಡೆ ಪುರಭವನ, ಜೆ.ಸಿ. ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರ. ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾಗಿ ಮೊದಲ ವರ್ಷವೇ ಐ–ಲೀಗ್ ಗೆದ್ದ ಫುಟ್‌ಬಾಲ್ ತಂಡ. ಪಂದ್ಯದ ದಿನ ಕಂಠೀರವದ ಪಶ್ಚಿಮದ ಸ್ಟ್ಯಾಂಡಿನಲ್ಲಿ ನೀಲಿ ಅಂಗಿಯ ಹುಡುಗ ಹುಡುಗಿಯರು ತೊಂಬತ್ತು ನಿಮಿಷ ನಿಂತೇ ಇರುತ್ತಾರೆ, ಡ್ರಮ್ಮು ಬಾರಿಸುತ್ತಾ ಹಾಡುತ್ತಾರೆ. ಅದೇ ಹೊತ್ತಿಗೆ ಕಲಾಕ್ಷೇತ್ರದಲ್ಲಿ ಒಂದು ನಾಟಕ ನಡೆಯುತ್ತಿರುತ್ತದೆ. ಒಂಬತ್ತೂವರೆಯಿಂದ ಹತ್ತರೊಳಗೆ ಎರಡೂ ಬಿಡುತ್ತವೆ. ಎರಡೂ ಕಡೆಯವರು ಬಂದು ನಿಲ್ಲುವುದು ಇದೇ ನಿಲ್ದಾಣದಲ್ಲಿ. ಹಣೆಗೆ ನೀಲಿ ಬಣ್ಣ ಬಳಿದುಕೊಂಡ ಹುಡುಗನ ಪಕ್ಕ ಖಾದಿ ಜುಬ್ಬಾದ ಯಜಮಾನರು. ಅಂಗಡಿ ಮುಚ್ಚಿ ಬಂದ, ಕೈಗೆಲ್ಲ ಗ್ರೀಸ್ ಮೆತ್ತಿದ ಸ್ಪೇರ್ ಪಾರ್ಟ್ಸ್ ಅಂಗಡಿ ಹುಡುಗರು. ಒಂದು ರಾತ್ರಿ ಆ ಜುಬ್ಬಾದವರು ಹುಡುಗನನ್ನು ‘ಏನಪ್ಪಾ, ಗೆದ್ರಾ?’ ಅಂತ ಕೇಳಿದರು. ‘ಡ್ರಾ ಸರ್, ಲಾಸ್ಟ್ ಮಿನಿಟ್‌ನಲ್ಲಿ ಗೋಲ್ ಬಿಟ್ಟರು’ ಅಂದ. ಅವರು ಅಷ್ಟಕ್ಕೇ ಬಿಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಗೋಲು ಹೊಡೆದವರು ಬೆಂಗಳೂರಿನವರು ಕಣಪ್ಪಾ, ಸಾರಂಗಪಾಣಿ ರಾಮನ್ ಅಂತ, ನಮ್ಮವರಲ್ಲಿ ಜಾಸ್ತಿ ಜನ ಅವತ್ತು ಬರಿಗಾಲಲ್ಲೇ ಆಡಿದ್ದು ಅಂದರು. ಹುಡುಗ ಕಣ್ಣರಳಿಸಿ ನಿಂತ. ಅವನಿಗೆ ಆ ಹೆಸರು ಗೊತ್ತಿರಲಿಲ್ಲ. ಫೋನಿನಲ್ಲಿ ಅಲ್ಲೇ ಹುಡುಕಿದ. ಆಮೇಲೆ ‘ನೀವು ಏನು ನೋಡೋಕೆ ಬಂದಿದ್ರಿ ಸರ್?’ ಅಂತ ಅವನೂ ಕೇಳಿದ.

ಅಷ್ಟರಲ್ಲಿ ಅವರ ಬಸ್ಸು ಬಂತು. ನಾನು ಪಕ್ಕದಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡೆ. ಒಬ್ಬೊಬ್ಬರೂ ಒಂದೊಂದು ಕ್ಯಾಬಿನಲ್ಲಿ ಹೋಗಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ. ಸಂಗೀತದವರು, ನಾಟಕದವರು, ಫುಟ್‌ಬಾಲಿನವರು ಈ ಊರಿನಲ್ಲಿ ಒಬ್ಬರನ್ನೊಬ್ಬರು ಕಾಣುವ ಜಾಗಗಳು ಕಡಿಮೆ. ಇದ್ದರೆ ಅದು ಇಂಥ ನಿಲ್ದಾಣ.

ಮನೆಗೆ ಹೋಗುವ ತೊಂದರೆಗೆ ನಮ್ಮ ಹಿರಿಯರು ಒಂದು ಉಪಾಯ ಕಂಡುಕೊಂಡಿದ್ದರು ಅಂತ ನನಗೆ ಅನ್ನಿಸುತ್ತದೆ. ಕರಾವಳಿಯ ಯಕ್ಷಗಾನ ಬೆಳಗಿನವರೆಗೆ ನಡೆಯುತ್ತಿತ್ತು. ಹಳ್ಳಿಯ ಕತ್ತಲಲ್ಲಿ, ತೋಡು ಗದ್ದೆ ದಾಟಿಕೊಂಡು ನಡುರಾತ್ರಿ ಹೋಗುವುದಕ್ಕಿಂತ ಆಟ ನೋಡುತ್ತಾ ಬೆಳಕು ಹರಿಸುವುದೇ ಕ್ಷೇಮ. ಈಗ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಿವೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಅನ್ನುವ 2000ದ ನಿಯಮವೂ ಇದೆ. ಬೆಂಗಳೂರಿನಲ್ಲಿ ಶನಿವಾರ ರಾತ್ರಿ ಒಳಾಂಗಣದಲ್ಲಿ ಇಡೀ ರಾತ್ರಿಯ ಆಟ ಆಡಿಸುವವರು ಇವತ್ತಿಗೂ ಇದ್ದಾರೆ. ಹೋಟೆಲಿನಲ್ಲಿ ದುಡಿಯುವ ಕುಂದಾಪುರ, ಉಡುಪಿ ಕಡೆಯವರು ಕೆಲಸ ಮುಗಿಸಿ ಹತ್ತಕ್ಕೆ ಬಂದು, ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಾರೆ. ಹೆಸರಘಟ್ಟದ ನೃತ್ಯಗ್ರಾಮದ ವಸಂತಹಬ್ಬವೂ ಸಂಜೆಯಿಂದ ಬೆಳಗಿನವರೆಗೆ ನಡೆಯುತ್ತಿತ್ತು. ಪ್ರವೇಶ ಉಚಿತ, ಬಯಲಿನಲ್ಲೇ ಕೂತು ಸೂರ್ಯ ಹುಟ್ಟುವವರೆಗೆ ಕೇಳುವುದು. ಅಂಥದ್ದು ಮತ್ತೆ ಬರಬೇಕು ಅಂತ ನನಗೆ ತುಂಬಾ ಆಸೆ.

ಎಲ್ಲವೂ ಇಡೀ ರಾತ್ರಿ ನಡೆಯಲಾರದು, ಗೊತ್ತು. ಹಾಗಾದರೆ ಸಮಯಕ್ಕೆ ಶುರು ಮಾಡಿ, ಸಮಯಕ್ಕೆ ಬಿಡಿ. ಜೆ.ಪಿ. ನಗರದ ರಂಗಶಂಕರದಲ್ಲಿ 2004ರಿಂದ ಏಳೂವರೆ ಅಂದರೆ ಏಳೂವರೆ. ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಇದನ್ನು ಶಿಸ್ತು ಅಂತ ಹೊಗಳುವವರಿದ್ದಾರೆ, ಬಿಗುಮಾನ ಅಂತ ಬೈಯುವವರೂ ಇದ್ದಾರೆ. ನನಗೆ ಅದು ಬಸ್ಸಿನಲ್ಲಿ ಬರುವವರಿಗೆ ತೋರಿಸುವ ಮರ್ಯಾದೆ. ಶುರುವಾಗುವ ಹೊತ್ತು ಖಾತ್ರಿ ಇದ್ದರೆ ಮುಗಿಯುವ ಹೊತ್ತೂ ಖಾತ್ರಿ. ಅದರ ಬದಲು ಆರು ಗಂಟೆಯ ಕಾರ್ಯಕ್ರಮಕ್ಕೆ ಅತಿಥಿಗಳು ಆರೂ ಮುಕ್ಕಾಲಿಗೆ ಬಂದು, ಸ್ವಾಗತ, ಸನ್ಮಾನ, ನೆನಪಿನ ಕಾಣಿಕೆ ಎಲ್ಲಾ ಆಗಿ, ಕಚೇರಿ ಶುರುವಾಗುವುದು ಏಳೂವರೆಗೆ ಅಂದರೆ, ಆ ಒಂದೂವರೆ ಗಂಟೆಯನ್ನು ಕಿತ್ತುಕೊಂಡದ್ದು ಯಾರಿಂದ? ಕಾರಿನಲ್ಲಿ ಬಂದವರಿಗೆ ನಷ್ಟವಿಲ್ಲ. ಬಸ್ಸಿನವರು ಮಂಗಳ ಕೇಳದೆ ಹೋಗುತ್ತಾರೆ.

ಇನ್ನೊಂದು ಬದಲಾವಣೆ ನಮ್ಮ ಕಣ್ಣೆದುರೇ ಆಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಇದರ ಬಗ್ಗೆ ಪರ ವಿರೋಧ ಬೇಕಾದಷ್ಟು ಮಾತಾಡಿದ್ದೇವೆ. ನಾನು ಕಂಡದ್ದನ್ನು ಹೇಳುತ್ತೇನೆ. ಸಂಜೆ ಕಚೇರಿಗಳಲ್ಲಿ ಮಧ್ಯವಯಸ್ಸಿನ ಹೆಂಗಸರು ಇಬ್ಬರು ಮೂವರು ಜೊತೆಯಾಗಿ, ಬೇರೆ ಬಡಾವಣೆಗಳಿಂದ, ಗಂಡನನ್ನೋ ಮಗನನ್ನೋ ಕಾಯದೆ ಬರುತ್ತಿದ್ದಾರೆ. ಬಸ್ ಚಾರ್ಜು ಉಳಿದದ್ದಕ್ಕಿಂತ ದೊಡ್ಡದು ಯಾರನ್ನೂ ಕೇಳದೆ ಹೊರಡಬಹುದು ಅನ್ನುವುದು. ಆದರೆ ಉಚಿತ ಬಸ್ಸು ರಾತ್ರಿ ಒಂಬತ್ತೂಮುಕ್ಕಾಲಿಗೆ ಬರಲೂ ಬೇಕಲ್ಲ. ಮೆಟ್ರೋಗೆ ಹೋಗೋಣ ಅಂದರೆ 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90ಕ್ಕೆ ಏರಿದೆ. ಹೋಗಿ ಬರಲು ದೂರದವರಿಗೆ 180.

ನನ್ನ ಕೋರಿಕೆ ದೊಡ್ಡದಲ್ಲ. ಆಹ್ವಾನ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರು, ಅತಿಥಿಗಳ ಹೆಸರು, ದಾನಿಗಳ ಹೆಸರು ಹಾಕುತ್ತೀರಿ. ‘ಲಘು ಉಪಾಹಾರ ಉಂಟು’ ಅಂತಲೂ ಹಾಕುತ್ತೀರಿ. ಅದರ ಕೆಳಗೆ ಇನ್ನೊಂದು ಸಾಲು ಹಾಕಿ. ಕಾರ್ಯಕ್ರಮ ಇಷ್ಟು ಹೊತ್ತಿಗೆ ಮುಗಿಯುತ್ತದೆ, ಹತ್ತಿರದ ನಿಲ್ದಾಣ ಇದು, ಇಂಥ ಕಡೆಗೆ ಕೊನೆ ಬಸ್ಸು ಇಷ್ಟು ಹೊತ್ತಿಗೆ. ಅಷ್ಟು ಬರೆಯಬೇಕು ಅಂದರೆ ಸಂಘಟಕರು ಒಂದು ಸಲ ಡಿಪೋಗೆ ಫೋನ್ ಮಾಡಿ ಕೇಳಬೇಕಾಗುತ್ತದೆ. ಕೇಳಿದಾಗ ಗೊತ್ತಾಗುತ್ತದೆ, ಬಸ್ಸು ಇಲ್ಲ ಅಂತ. ಗೊತ್ತಾದ ಮೇಲೆ ಒಂದು ಅರ್ಜಿ ಬರೆಯಬಹುದು. ನೂರು ಸಂಗೀತ ಸಭಾಗಳು, ನೂರು ನಾಟಕ ತಂಡಗಳು, ಕ್ಲಬ್ಬುಗಳು ಒಂದೇ ಅರ್ಜಿ ಬರೆದರೆ ಅದನ್ನು ಪಕ್ಕಕ್ಕೆ ಇಡುವುದು ಕಷ್ಟ.

ಇಷ್ಟೇ ನಾನು ಹೇಳಬೇಕೆಂದಿದ್ದದ್ದು. ಪ್ರಶ್ನೆಗಳಿದ್ದರೆ ಕೇಳಿ.

(ಹಿರಿಯರೊಬ್ಬರು: ಈಗ ಎಲ್ಲಾ ಫೋನಿನಲ್ಲೇ ಸಿಗುತ್ತದಲ್ಲ? ಕಚೇರಿ ಲೈವ್ ಬರುತ್ತದೆ, ಮ್ಯಾಚು ಬರುತ್ತದೆ, ಸಿನಿಮಾ ತಿಂಗಳೊಳಗೆ ಬರುತ್ತದೆ. ಇಷ್ಟು ಕಷ್ಟಪಟ್ಟು ಯಾಕೆ ಹೋಗಬೇಕು?)

ಸಿಗುತ್ತದೆ ಸರ್, ನಾನೂ ನೋಡುತ್ತೇನೆ. ಹೊರಗೆ ಓಡಾಡಲು ಆಗದವರಿಗೆ ಅದು ದೊಡ್ಡ ವರ. ಆದರೆ ಒಂದು ಮಾತು. ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಹಿಡಿದದ್ದು ಯಾಕೆ? ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿನವನಿಗೂ ನಾದ ಮುಟ್ಟಲಿ ಅಂತ. ಅವರ ನೆನಪಿಗೆ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಭವನ ಕಟ್ಟಿದ್ದೇವೆ. ಕೊನೆಯ ಸಾಲಿನಲ್ಲಿ ಕೂತವನನ್ನು ನೆನೆದು ವಾದ್ಯವನ್ನೇ ಬದಲಿಸಿಕೊಂಡ ವಿದ್ವಾಂಸರಿದ್ದ ನಾಡು ಇದು. ಆ ಕೊನೆಯ ಸಾಲಿನವನು ಮನೆಯಲ್ಲೇ ಫೋನು ನೋಡಲಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಸೊಹೈಲ್ ಔಟಾದದ್ದನ್ನು ಟಿವಿಯಲ್ಲಿ ಈಗಲೂ ನೋಡಬಹುದು. ಆದರೆ ಅವತ್ತು ಆ ಗ್ಯಾಲರಿಯಲ್ಲಿ ಇದ್ದವರು ಅದನ್ನು ಹೇಳುವಾಗ ಎದ್ದು ನಿಲ್ಲುತ್ತಾರೆ. ಕೂತು ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ.

(ಒಬ್ಬ ವಿದ್ಯಾರ್ಥಿನಿ: ನಾನು ಎರಡು ಬಸ್ಸು ಬದಲಿಸಿ ಬರುತ್ತೇನೆ. ಬಸ್ಸು ಬರುವವರೆಗೆ ಕಾಯುವುದಕ್ಕೆ ಆಗುವುದಿಲ್ಲ. ಈಗಲೇ ಏನು ಕೇಳಬಹುದು?)

ತುಂಬಾ ಸರಿಯಾದ ಪ್ರಶ್ನೆ ಅಮ್ಮಾ. ಎರಡು ಕೇಳು. ಮೊದಲನೆಯದು, ಭಾನುವಾರದ ಕಚೇರಿ ಸಂಜೆ ನಾಲ್ಕಕ್ಕೆ ಇಡಿ ಅಂತ. ರಂಗಶಂಕರದಲ್ಲಿ ಭಾನುವಾರ ಮಧ್ಯಾಹ್ನ ಮೂರೂವರೆಗೂ ಆಟ ಇಡುತ್ತಾರೆ, ಜನ ಬರುತ್ತಾರೆ. ಕೆಲವು ಸಭಾಗಳು ಬೆಳಗಿನ ಕಚೇರಿಯನ್ನೂ ಇಡುತ್ತವೆ. ಬೆಳಗಿನ ರಾಗಗಳನ್ನು ಬೆಳಗ್ಗೆ ಕೇಳುವ ಭಾಗ್ಯವೂ ಸಿಗುತ್ತದೆ. ಎರಡನೆಯದು, ಮುಖ್ಯ ಕೃತಿ ಮತ್ತು ತನಿಯನ್ನು ಸ್ವಲ್ಪ ಮುಂಚೆ ತೆಗೆದುಕೊಂಡು, ದೇವರನಾಮಗಳನ್ನು ಆಮೇಲೆ ಹಾಡಿ ಅಂತ ಕಲಾವಿದರಿಗೇ ಒಂದು ಚೀಟಿ ಕಳಿಸು. ಇಂಥ ರಾಗ ಹಾಡಿ ಅಂತ ಚೀಟಿ ಕಳಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ನನಗೆ ಬಸ್ಸಿದೆ, ತನಿ ಪೂರ್ತಿ ಕೇಳಿ ಹೋಗಬೇಕು ಅಂತ ಬರೆದರೆ ಮೃದಂಗದವರು ಆ ಚೀಟಿಯನ್ನು ಖಂಡಿತ ಹಾಡುವವರ ಕೈಗೆ ದಾಟಿಸುತ್ತಾರೆ.